ಪ್ರತಿಕ್ರಿಯೆ: ದೇವಬಾಗದ ನಕ್ಷೆಯಲ್ಲಿ ಮರಳು ಬಂಡೆಯಾಗಿ ಕಾಣುವುದು

ಉಪಗ್ರಹ ಚಿತ್ರದಿಂದ ನೀವು ಮಾಡಿದ ಸಮುದ್ರತಳದ ನಕ್ಷೆಯಲ್ಲಿ ಕಾರವಾರದ ದೇವಬಾಗದ ಎದುರಿನ ಆಳದ ಮರಳೆಲ್ಲ ‘ಪಾಚಿ ಬಂಡೆ’ ಎಂದು ಬಂದಿದೆ ಎಂದಿದ್ದೀರಿ. ಇದಕ್ಕೆ ಬಹುಶಃ ನೀರಿನ ಆಳವೇ ಕಾರಣ. ಆಳ ಹೆಚ್ಚಿದಂತೆ ನೀರು ಬೆಳಕನ್ನು ಹೀರುತ್ತದೆ, ಬಿಳಿ ಮರಳೂ ಕಪ್ಪಾಗಿ ಕಾಣುತ್ತದೆ. ಸಾಫ್ಟ್‌ವೇರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಮೊದಲು ಚಿತ್ರ ನೋಡಿ. ಮಳೆಗಾಲ ಮುಗಿದ ಕೂಡಲೇ ತೆಗೆದದ್ದಾದರೆ ಕಾಳಿ ನದಿಯ ಕೆಸರು ಇನ್ನೂ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗಿನ, ಇಳಿತದ ಹೊತ್ತಿನ ಸೆಂಟಿನೆಲ್-2 (ಯುರೋಪಿನ ಭೂವೀಕ್ಷಣಾ ಉಪಗ್ರಹ) ಚಿತ್ರ ಹುಡುಕಿ. ಈ ಚಿತ್ರ ಬೆಳಕಿನ ಬೇರೆ ಬೇರೆ ಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಇರುತ್ತದೆ. ಆಮೇಲೆ ಬ್ಯಾಂಡ್ 8 (ಕಣ್ಣಿಗೆ ಕಾಣದ ಅವಗೆಂಪು ಬೆಳಕು) ಬಳಸಿ ದಡದ ನೆಲವನ್ನು ಮರೆಮಾಡಿ, ಅದರಿಂದಲೇ ನೀರಿನ ಮೇಲಿನ ಬಿಸಿಲ ಹೊಳಪನ್ನೂ ಕಳೆಯಿರಿ.

ಮುಖ್ಯ ಹೆಜ್ಜೆ ಮುಂದಿನದು. ಬರೀ ಮರಳು ಎಂದು ಖಚಿತ ಇರುವ, ಬೇರೆ ಬೇರೆ ಆಳದ ಪಿಕ್ಸೆಲ್‌ಗಳನ್ನು ಆರಿಸಿ. ಬ್ಯಾಂಡ್ 2 (ನೀಲಿ) ಮತ್ತು 3ರ (ಹಸಿರು) ಲಾಗರಿದಮ್ ಬೆಲೆಗಳನ್ನು ಗ್ರಾಫ್‌ಗೆ ಹಾಕಿದರೆ ನೇರ ಗೆರೆ ಬರಬೇಕು. ಆ ಗೆರೆಯ ಇಳಿಜಾರಿನಿಂದ ಲೈಝೆಂಗಾ ಸೂಚ್ಯಂಕ (ಆಳದ ಪ್ರಭಾವ ಕಳೆದು ತಳದ ಬಗೆಯನ್ನು ತೋರಿಸುವ ಸಂಖ್ಯೆ) ಲೆಕ್ಕ ಹಾಕಿ, ಅದನ್ನೇ ಮರಳು, ಬಂಡೆ ಎಂದು ವರ್ಗೀಕರಿಸಿ. ಬ್ಯಾಂಡ್ 4 (ಕೆಂಪು) ಬಿಡಿ, ಕೆಂಪು ಬೆಳಕು ಕೆಲವೇ ಮೀಟರಿಗೆ ಮುಗಿಯುತ್ತದೆ.

ಗ್ರಾಫ್‌ನ ಚುಕ್ಕಿಗಳು ಗೆರೆಯಲ್ಲಿ ನಿಲ್ಲದೆ ಚದುರಿದರೆ ನೀರು ಎಲ್ಲ ಕಡೆ ಒಂದೇ ಥರ ತಿಳಿಯಾಗಿಲ್ಲದಿರಬಹುದು. ಕಾಳಿಯ ಅಳಿವೆ ಹತ್ತಿರ ಇದರ ಸಾಧ್ಯತೆ ಜಾಸ್ತಿ. ಅಂಥ ಕಡೆ ಸುಮ್ನೆ ಬಣ್ಣ ತುಂಬಬೇಡಿ, ‘ಗೊತ್ತಿಲ್ಲ’ ಎಂದೇ ಗುರುತಿಸಿ. ಅಲ್ಲಿಗೆ ಸೈಡ್‌ಸ್ಕ್ಯಾನ್ ಸೋನಾರ್ (ಶಬ್ದದ ಅಲೆಗಳಿಂದ ತಳದ ಚಿತ್ರ ತೆಗೆಯುವ ಸಾಧನ) ಅಥವಾ ದೋಣಿಯಿಂದ ಇಳಿಸುವ ಕ್ಯಾಮೆರಾ ಬೇಕು. ಮರಳು, ಬಂಡೆ ಎಂದು ಸಾಫ್ಟ್‌ವೇರ್‌ಗೆ ಕಲಿಸಲು ಬಳಸಿದ ಬಿಂದುಗಳಲ್ಲೇ ನಕ್ಷೆಯನ್ನು ಪರೀಕ್ಷಿಸಬೇಡಿ, ಬೇರೆಯವನ್ನು ಈಗಲೇ ಎತ್ತಿಡಿ.