ಆಸ್ಪತ್ರೆಯಲ್ಲಿ ಹಿರಿಯರ ಊಟ: ಗಂಟಲಿಗಿಳಿಯದ ತುತ್ತಿನ ಬಗ್ಗೆ ನಾಲ್ಕು ಪ್ರಶ್ನೆಗಳು

ಆಸ್ಪತ್ರೆಗೆ ಸೇರಿದ ಹಿರಿಯರ ನುಂಗುವ ತೊಂದರೆಯನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಇಲ್ಲಿನ ಉತ್ತರಗಳು ತಿಳಿವಳಿಕೆಗಾಗಿ ಮಾತ್ರ. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದ ವೈದ್ಯರು ಮತ್ತು ಸ್ಪೀಚ್ ಥೆರಪಿಸ್ಟ್ (ಮಾತಿನ ಜೊತೆಗೆ ನುಂಗುವ ತೊಂದರೆಗೂ ಚಿಕಿತ್ಸೆ ಕೊಡುವ ತಜ್ಞರು) ಹೇಳಿದ್ದೇ ಕೊನೆಯ ಮಾತು.

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಮನೆಯಲ್ಲಿ ಚೆನ್ನಾಗಿಯೇ ಉಣ್ಣುತ್ತಿದ್ದವರು ವಾರ್ಡಿನಲ್ಲಿ ನೀರು ಕುಡಿದರೆ ಕೆಮ್ಮುತ್ತಾರೆ, ಅನ್ನವನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ಪಾರ್ಶ್ವವಾಯು ಅಲ್ಲ ಎಂದು ವೈದ್ಯರು ಹೇಳಿದ್ದಾರೆ. ಕಾಲಿನ ಆಪರೇಷನ್ನಿಗೂ ಗಂಟಲಿಗೂ ಏನು ಸಂಬಂಧ? (ದಾವಣಗೆರೆಯ ಓದುಗರು)

ಉತ್ತರ: ಸಂಬಂಧ ಖಂಡಿತ ಇದೆ. ಒಂದು ಗುಟುಕು ನೀರು ಬಾಯಿಯಿಂದ ಅನ್ನನಾಳಕ್ಕೆ ಇಳಿಯಬೇಕಾದರೆ ತುಟಿ, ನಾಲಿಗೆ, ಅಂಗುಳು, ಗಂಟಲುಗಳ ಮೂವತ್ತಕ್ಕೂ ಹೆಚ್ಚು ಸ್ನಾಯುಗಳು ಕ್ರಮ ತಪ್ಪದೆ ಕೆಲಸ ಮಾಡಬೇಕು. ಸುಮಾರು ಒಂದು ಸೆಕೆಂಡಿನೊಳಗೆ ಧ್ವನಿಪೆಟ್ಟಿಗೆ ಮೇಲಕ್ಕೆದ್ದು, ಶ್ವಾಸನಾಳದ ಬಾಯಿ ಮುಚ್ಚಿ, ಉಸಿರು ಕ್ಷಣಕಾಲ ನಿಂತು, ಅನ್ನನಾಳದ ಬಾಯಿ ತೆರೆದುಕೊಳ್ಳಬೇಕು. ವಯಸ್ಸಾದಂತೆ ಇದೆಲ್ಲ ಸ್ವಲ್ಪ ನಿಧಾನವಾಗುತ್ತದೆ. ಅಷ್ಟನ್ನೇ ರೋಗವೆನ್ನಲಾಗದು, ಏಕೆಂದರೆ ಮನೆಯಲ್ಲಿದ್ದಾಗ ಹಿರಿಯರು ತಮಗೇ ಅರಿವಿಲ್ಲದಂತೆ ತುತ್ತನ್ನು ಸಣ್ಣದು ಮಾಡಿಕೊಂಡು, ಅನ್ನವನ್ನು ಮೆತ್ತಗೆ ಕಲಸಿಕೊಂಡು, ನೆಟ್ಟಗೆ ಕುಳಿತು, ಸಾವಕಾಶವಾಗಿ ಉಂಡು ಈ ಕೊರತೆಯನ್ನು ಸರಿದೂಗಿಸಿಕೊಂಡಿರುತ್ತಾರೆ.

ಆಸ್ಪತ್ರೆ ಈ ಹೊಂದಾಣಿಕೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ದಿನಗಟ್ಟಲೆ ಮಲಗಿದ್ದರಿಂದ ಕಾಲಿನ ಸ್ನಾಯುಗಳಂತೆಯೇ ನಾಲಿಗೆ ಮತ್ತು ಗಂಟಲಿನ ಸ್ನಾಯುಗಳೂ ಸೊರಗುತ್ತವೆ. ನೋವಿನ ಮತ್ತು ನಿದ್ರೆಯ ಔಷಧಿಗಳು ಮಂಪರು ತರುತ್ತವೆ; ಇನ್ನು ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಆಪರೇಷನ್ ನಂತರ ಹಲವು ಹಿರಿಯರಿಗೆ ಹಗಲು ರಾತ್ರಿಯ ಪರಿವೆ ತಪ್ಪುವಷ್ಟು ಗೊಂದಲವಾಗುತ್ತದೆ. ಬಾಯಲ್ಲಿರುವುದನ್ನು ನುಂಗಬೇಕೆಂಬುದೇ ಆ ಸ್ಥಿತಿಯಲ್ಲಿ ಮರೆತುಹೋಗುವುದುಂಟು. ನಿಮ್ಮ ತಂದೆಯವರು ಅನ್ನವನ್ನು ಬಾಯಲ್ಲೇ ಇಟ್ಟುಕೊಳ್ಳುವುದಕ್ಕೆ ಇದೂ ಕಾರಣವಿರಬಹುದು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಹಿರಿಯರನ್ನು ಪರೀಕ್ಷಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನುಂಗುವ ತೊಂದರೆ ಕಂಡುಬಂದಿತ್ತು. ಆದ್ದರಿಂದ ‘ವಯಸ್ಸಾಯಿತಲ್ಲ’ ಎಂಬ ಮಾತಿಗೆ ಸುಮ್ಮನಾಗಬೇಡಿ.

ಮೊದಲು ಹಾಸಿಗೆಯ ಸುತ್ತ ಕಣ್ಣಾಡಿಸಿ. ಕಟ್ಟಿಸಿದ ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದಿದೆಯೇ? ಕಳೆದುಹೋದೀತೆಂಬ ಭಯದಿಂದ ಅದನ್ನು ಡಬ್ಬಿಯಲ್ಲಿಟ್ಟು ಕಪಾಟಿಗೆ ಸೇರಿಸುವವರೇ ಹೆಚ್ಚು, ಇತ್ತ ರೋಗಿಗೆ ವಸಡಿನಲ್ಲೇ ಚಪಾತಿ ಅಗಿಯುವ ಪಾಡು. ಕನ್ನಡಕ, ಕಿವಿಯ ಯಂತ್ರ ಕೈಗೆಟುಕುವಂತಿವೆಯೇ? ಊಟದ ಹೊತ್ತಿಗೆ ಹಾಸಿಗೆಯ ತಲೆಭಾಗವನ್ನು ಪೂರ್ತಿ ಎತ್ತಿದ್ದಾರೆಯೇ? ಅರ್ಧ ಮಲಗಿದವರ ಬಾಯಿಗೆ ನಿಂತುಕೊಂಡು ಮೇಲಿನಿಂದ ಚಮಚ ಹಾಕಿದರೆ ಅವರು ಕತ್ತು ಹಿಂದಕ್ಕೆ ವಾಲಿಸಿಯೇ ಬಾಯಿ ತೆರೆಯಬೇಕಾಗುತ್ತದೆ, ಆ ಭಂಗಿಯಲ್ಲಿ ತುತ್ತು ಶ್ವಾಸನಾಳಕ್ಕೆ ಜಾರುವ ದಾರಿ ಸಲೀಸಾಗುತ್ತದೆ. ಉಣಿಸುವವರು ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಬೇಕು. ನಿದ್ದೆಗಣ್ಣಿನಲ್ಲಿರುವಾಗ ಏನನ್ನೂ ಕೊಡಬಾರದು.

ಎರಡನೆಯದು, ವಾರ್ಡಿನ ವೈದ್ಯರನ್ನು ನುಂಗುವ ಪರೀಕ್ಷೆಗೆ ಬರೆದುಕೊಡುವಂತೆ ಕೇಳಿ. ತರಬೇತಿ ಪಡೆದವರು ರೋಗಿಯನ್ನು ನೆಟ್ಟಗೆ ಕೂರಿಸಿ, 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಯಲು ಹೇಳಿ, ಕೆಮ್ಮು ಬರುತ್ತದೆಯೇ, ದನಿ ಒದ್ದೆಯಾಗಿ ಗೊರಗೊರ ಎನ್ನುತ್ತದೆಯೇ ಎಂದು ಗಮನಿಸುತ್ತಾರೆ. ಇದನ್ನು ನೀವಾಗಿಯೇ ಮಾಡಿನೋಡಬೇಡಿ. ಸಂಶಯ ಉಳಿದರೆ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿಯೋ, ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೊ ತೆಗೆದೋ ಗಂಟಲಿನ ಚಲನೆಯನ್ನು ನೇರವಾಗಿ ನೋಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ವಿಷಯ ಬಲ್ಲ ತಜ್ಞರಿದ್ದಾರೆ.

ಕೆಮ್ಮು ಬರುವುದನ್ನು ಎಲ್ಲರೂ ಗಮನಿಸುತ್ತಾರೆ. ನೆತ್ತಿಗೇರಿದರೆ ಯಾರೋ ನೆನೆಸಿಕೊಂಡರೆಂದು ನಕ್ಕು ತಲೆ ತಟ್ಟುವುದು ನಮ್ಮಲ್ಲಿ ರೂಢಿಯೇ ಆಗಿದೆ. ನನಗೆ ಹೆಚ್ಚು ಭಯ ಹುಟ್ಟಿಸುವವರು ಕೆಮ್ಮದವರು. ಗಂಟಲಿನ ಸಂವೇದನೆ ಮಂದವಾದಾಗ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಊಟವಾದ ಮೇಲೆ ದನಿ ಬದಲಾಗುವುದು, ಉಸಿರಾಟದ ವೇಗ ಹೆಚ್ಚುವುದು, ಮತ್ತೆ ಮತ್ತೆ ಸಣ್ಣ ಜ್ವರ ಬರುವುದು, ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುವುದು, ತೂಕ ಇಳಿಯುವುದು, ಇವೆಲ್ಲವೂ ಅದರ ಸುಳಿವುಗಳಾಗಿರಬಹುದು.

ಪ್ರಶ್ನೆ: ಅಮ್ಮನಿಗೆ ಪಾರ್ಶ್ವವಾಯು ಆದ ಮೇಲೆ ನೀರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡಲು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅವರು ‘ಈ ಅಂಟು ನೀರು ನನಗೆ ಬೇಡ, ಬಾಯಾರಿ ಸತ್ತರೂ ಸರಿ’ ಎನ್ನುತ್ತಾರೆ. ಮಿಕ್ಸಿಯಲ್ಲಿ ರುಬ್ಬಿದ ಊಟ ನೋಡಿದರೆ ಮುಖ ತಿರುಗಿಸುತ್ತಾರೆ, ಮುದ್ದೆ ಬೇಕು ಎಂದು ಹಟ. ನ್ಯುಮೋನಿಯಾ (ಶ್ವಾಸಕೋಶದ ಸೋಂಕು) ಬರಬಾರದೆಂದು ಬಲವಂತ ಮಾಡಬೇಕೆ? (ಮಂಡ್ಯದ ಓದುಗರು)

ಉತ್ತರ: ಬಲವಂತ ಬೇಡ. ನೀರನ್ನು ಗಟ್ಟಿ ಮಾಡುವುದರ ಉದ್ದೇಶ ಸರಳ: ದಪ್ಪಗಿನ ದ್ರವ ನಿಧಾನವಾಗಿ ಹರಿಯುವುದರಿಂದ ಶ್ವಾಸನಾಳ ಮುಚ್ಚಿಕೊಳ್ಳಲು ಗಂಟಲಿಗೆ ಸಮಯ ಸಿಗುತ್ತದೆ. ಎಕ್ಸ್‌ರೇ ವಿಡಿಯೊದಲ್ಲಿ ಈ ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಕಾಣುವ ಲಾಭವೆಲ್ಲ ರೋಗಿಯ ಬದುಕಿಗೆ ಇಳಿಯುತ್ತದೆ ಎನ್ನಲಾಗದು. ಮರೆಗುಳಿತನ ಅಥವಾ ಪಾರ್ಕಿನ್ಸನ್ ಕಾಯಿಲೆಯಿದ್ದ 515 ಹಿರಿಯರನ್ನು ಮೂರು ತಿಂಗಳು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಗಲ್ಲವನ್ನು ಎದೆಯತ್ತ ಬಾಗಿಸಿ ತೆಳು ದ್ರವ ಕುಡಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ನ್ಯುಮೋನಿಯಾದ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಬದಲಿಗೆ ಗಟ್ಟಿ ದ್ರವದ ಗುಂಪಿನಲ್ಲಿ ನಿರ್ಜಲೀಕರಣ, ಮೂತ್ರದ ಸೋಂಕು ಮತ್ತು ಜ್ವರ ಹೆಚ್ಚಾಗಿದ್ದವು. ರುಚಿಸದ ನೀರನ್ನು ಜನ ಕುಡಿಯುವುದಿಲ್ಲ ಎನ್ನುವುದೇ ಇದರ ಹಿಂದಿನ ಸರಳ ಕಾರಣವೆಂದು ನನ್ನ ಊಹೆ. ನಿಮ್ಮ ತಾಯಿಯವರ ಕಾಯಿಲೆ ಬೇರೆಯಾದ್ದರಿಂದ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಿ ಪುಡಿಯನ್ನು ನೀವಾಗಿಯೇ ನಿಲ್ಲಿಸಬಾರದು, ಆದರೆ ಥೆರಪಿಸ್ಟ್ ಎದುರು ಈ ಮಾತನ್ನು ಎತ್ತುವ ಹಕ್ಕು ನಿಮಗಿದೆ.

ನುಂಗುವ ತೊಂದರೆಯನ್ನು ಶ್ವಾಸಕೋಶದ ಲೆಕ್ಕದಲ್ಲಿ ಮಾತ್ರ ಅಳೆಯುವುದು ನಮ್ಮ ವಾರ್ಡುಗಳ ದೊಡ್ಡ ಕೊರತೆ. ಈಟ್-10 ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಪ್ರತಿ ಪ್ರಶ್ನೆಗೆ 0ಯಿಂದ 4ರವರೆಗೆ ಅಂಕ, ಒಟ್ಟು 3 ಅಥವಾ ಹೆಚ್ಚಾದರೆ ತಪಾಸಣೆ ಬೇಕು. ಅದರಲ್ಲಿ ಕೆಮ್ಮು, ತೂಕಗಳ ಜೊತೆಗೆ ಊಟದ ಸುಖ ಹಾಳಾಗಿದೆಯೇ, ನುಂಗುವುದೇ ಒಂದು ಆತಂಕವಾಗಿದೆಯೇ ಎಂದೂ ಕೇಳುತ್ತಾರೆ. ಇದರ ಕನ್ನಡ ರೂಪವೂ ಸಿದ್ಧವಾಗಿದೆ. 2002ರಲ್ಲಿ ಪ್ರಕಟವಾದ ಸ್ವಾಲ್-ಕ್ವಾಲ್ ಎಂಬ 44 ಪ್ರಶ್ನೆಗಳ ಪಟ್ಟಿ ಇನ್ನೂ ಮುಂದೆ ಹೋಗಿ ಊಟದ ಆಸೆ, ಊಟಕ್ಕೆ ಹಿಡಿಯುವ ಹೊತ್ತು, ಉಸಿರು ಕಟ್ಟೀತೆಂಬ ಭಯ, ನಾಲ್ವರ ಜೊತೆ ಕೂತು ಉಣ್ಣುವ ಸಂಕೋಚ, ದಣಿವು, ನಿದ್ರೆ ಇವನ್ನೆಲ್ಲ ವಿಚಾರಿಸುತ್ತದೆ. ನಿಮ್ಮ ತಾಯಿಯವರ ಹಟವನ್ನು ಮೊಂಡುತನವೆಂದು ಬದಿಗೆ ಸರಿಸದೆ ಇಂಥ ಪ್ರಶ್ನೆಗೆ ಅವರು ಕೊಟ್ಟ ಉತ್ತರವೆಂದೇ ತೆಗೆದುಕೊಳ್ಳಿ.

ಇನ್ನು ಅಡುಗೆಮನೆಯ ಮಾತು. ಮುದ್ದೆಯನ್ನು ಅಗಿಯದೆ ನುಂಗುವುದು ನಿಮ್ಮ ಸೀಮೆಯ ಪದ್ಧತಿ. ಇಡಿಯಾಗಿ ಜಾರಬೇಕಾದ, ಅಂಟುಗುಣವುಳ್ಳ ತುತ್ತು ದುರ್ಬಲ ಗಂಟಲಿನಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟಬಹುದು, ಆದ್ದರಿಂದ ಸದ್ಯಕ್ಕೆ ಅದು ಬೇಡ. ಆದರೆ ಅದೇ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ಕಾಯಿಸಿ, ಸೋಸಿ, ಸೊಪ್ಪಿನ ಸಾರಿನ ತಿಳಿಯನ್ನು ಹದವಾಗಿ ಬೆರೆಸಿದರೆ ಪುಡಿಯ ಹಂಗಿಲ್ಲದೆಯೇ ದಪ್ಪಗಿನ, ಪರಿಚಿತ ರುಚಿಯ ಆಹಾರ ಸಿಗುತ್ತದೆ. ಎರಡು ಎಚ್ಚರಗಳಿವೆ. ಗಂಜಿ ಆರಿದಂತೆ ಗಟ್ಟಿಯಾಗುತ್ತದೆ, ಹಾಗಾಗಿ ಕುಡಿಸುವ ಬಿಸಿಯಲ್ಲೇ ಹದ ನೋಡಬೇಕು. ಮತ್ತು ಎಂಜಲು ಚಮಚವನ್ನು ಲೋಟಕ್ಕೆ ಮತ್ತೆ ಮತ್ತೆ ಅದ್ದಿದರೆ ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕು. ಹದ ಅಳೆಯಲು ಅಂತರರಾಷ್ಟ್ರೀಯ ಪದ್ಧತಿಯೊಂದಿದೆ: ನಿಗದಿತ ಅಳತೆಯ 10 ಮಿಲಿಲೀಟರ್ ಸಿರಿಂಜಿಗೆ ದ್ರವ ತುಂಬಿ 10 ಸೆಕೆಂಡು ಹರಿಯಲು ಬಿಟ್ಟಾಗ ಒಂದು ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ತೆಳು ನೀರು, 1ರಿಂದ 4 ಉಳಿದರೆ ಒಂದನೆಯ ಹಂತ, 4ರಿಂದ 8 ಉಳಿದರೆ ಎರಡನೆಯದು, ಅದಕ್ಕೂ ಹೆಚ್ಚು ಉಳಿದು ಹರಿವು ಇನ್ನೂ ನಡೆದಿದ್ದರೆ ಮೂರನೆಯದು. ನಿಮ್ಮ ತಾಯಿಗೆ ಯಾವ ಹಂತ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ರುಬ್ಬಿ ಮಣ್ಣಿನ ಬಣ್ಣದ ಮುದ್ದೆಯಾಗಿಸಿದರೆ ಯಾರೂ ತಿನ್ನುವುದಿಲ್ಲ. ಕುಂಬಳಕಾಯಿ ಪಲ್ಯವನ್ನು ಬೇರೆ, ತೊವ್ವೆಯನ್ನು ಬೇರೆ ರುಬ್ಬಿ ತಟ್ಟೆಯಲ್ಲಿ ಪಕ್ಕಪಕ್ಕದಲ್ಲಿ ಬಡಿಸಿ, ಮೇಲೆ ಒಗ್ಗರಣೆಯನ್ನು ಸೋಸಿದ ಎಣ್ಣೆಯಷ್ಟನ್ನೇ ಹಾಕಿ. ಸಾಸಿವೆ, ಕರಿಬೇವು ಬೇಡ, ಘಮ ಇರಲಿ. ನೀರು ಒಂದು ಕಡೆ ಅಗುಳು ಒಂದು ಕಡೆ ಆಗುವ ತಿಳಿಸಾರಿನ ಅನ್ನ, ಪುಡಿಪುಡಿಯಾಗುವ ಅವಲಕ್ಕಿ ಇವು ಮೆತ್ತಗಿನವೆಂದು ಕಂಡರೂ ಕಷ್ಟದ ಪದಾರ್ಥಗಳೇ.

ಬರಿಯ ನೀರಿನ ಆಸೆಗೂ ದಾರಿಯಿದೆ. ಬಾಯಿಯನ್ನು ಚೆನ್ನಾಗಿ ಉಜ್ಜಿ ತೊಳೆದ ಮೇಲೆ, ಊಟದ ಹೊತ್ತು ಬಿಟ್ಟು, ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ತೆಳು ನೀರು ಕೊಡುವ ಕ್ರಮವನ್ನು ಹಲವು ಕಡೆ ಆಯ್ದ ರೋಗಿಗಳಿಗೆ ಅನುಸರಿಸುತ್ತಾರೆ. ಶ್ವಾಸಕೋಶಕ್ಕೆ ಇಳಿದ ಶುದ್ಧ ನೀರಿಗಿಂತ ಅದರೊಂದಿಗೆ ಇಳಿಯುವ ಬಾಯಿಯ ಕ್ರಿಮಿಗಳೇ ಹೆಚ್ಚು ಅಪಾಯಕಾರಿ ಎಂಬುದು ಇದರ ತರ್ಕ. ಜಪಾನಿನ ವೃದ್ಧಾಶ್ರಮಗಳಲ್ಲಿ ಪ್ರತಿ ಊಟದ ನಂತರ ಹಲ್ಲು, ಬಾಯಿ ಶುಚಿಗೊಳಿಸಿದಾಗ ನ್ಯುಮೋನಿಯಾ ಕಡಿಮೆಯಾದುದು ದಾಖಲಾಗಿದೆ. ನಿಮ್ಮ ತಾಯಿಗೆ ಈ ಕ್ರಮ ಹೊಂದುತ್ತದೆಯೇ ಎಂದು ಥೆರಪಿಸ್ಟ್ ನಿರ್ಧರಿಸಲಿ. ಬಾಯಿ ತೊಳೆಯುವ ಕೆಲಸಕ್ಕೆ ಯಾರ ಅನುಮತಿಯೂ ಬೇಡ, ಇವತ್ತಿನಿಂದಲೇ ಮಾಡಿ.

ಪ್ರಶ್ನೆ: ಅಜ್ಜನಿಗೆ ಮಾತ್ರೆ ನುಂಗಲಾಗುತ್ತಿಲ್ಲ. ಎಲ್ಲವನ್ನೂ ಕುಟ್ಟಿ ಬಾಳೆಹಣ್ಣಿನಲ್ಲಿ ಕೊಡಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಎಲ್ಲವನ್ನೂ ಕೊಡಬಾರದು. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಗೇ ರಕ್ತಕ್ಕೆ ಸೇರಬಹುದು. ಹೊಟ್ಟೆಯ ಆಮ್ಲದಿಂದ ಕಾಪಾಡುವ ಲೇಪವಿರುವ ಮಾತ್ರೆಯನ್ನು ಕುಟ್ಟಿದರೆ ಔಷಧಿ ಕೆಲಸಕ್ಕೆ ಬಾರದೆ ಹೋಗಬಹುದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಕೆಲವು ಆ್ಯಂಟಿಬಯೋಟಿಕ್‌ಗಳು ಮತ್ತು ಪೊಟ್ಯಾಸಿಯಂ ಮಾತ್ರೆಗಳು ಅನ್ನನಾಳದಲ್ಲಿ ತಂಗಿದರೆ ಅಲ್ಲೇ ಹುಣ್ಣು ಮಾಡುತ್ತವೆ. ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ದ್ರವರೂಪದಲ್ಲಿ ಯಾವುದು ಸಿಗುತ್ತದೆ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಕೇಳಿ. ಬಿಟ್ಟರೂ ನಡೆಯುವವು ಯಾವುವೆಂದು ಕೇಳಿದ ಮೇಲೆ ಮಾತ್ರೆಗಳೇ ಕಡಿಮೆಯಾಗುವುದೂ ಉಂಟು.

ಪ್ರಶ್ನೆ: ಅಜ್ಜಿಗೆ ಮರೆಗುಳಿ ರೋಗ ಕೊನೆಯ ಹಂತದಲ್ಲಿದೆ. ಮಾತಿಲ್ಲ, ನಡೆಯುವುದಿಲ್ಲ. ಊಟ ಕಡಿಮೆಯಾಗಿದ್ದರಿಂದ ಆಹಾರ ಕೊಡಲು ಟ್ಯೂಬ್ ಹಾಕೋಣವೆಂದು ಆಸ್ಪತ್ರೆಯವರು ಹೇಳುತ್ತಾರೆ. ಬೇಡವೆಂದರೆ ನಾವೇ ಉಪವಾಸ ಕೆಡವಿದಂತಾಗುತ್ತದೆಯೇ? (ಮಂಗಳೂರಿನ ಓದುಗರು)

ಉತ್ತರ: ಇಲ್ಲ. ಟ್ಯೂಬಿನ ಬಗ್ಗೆ ಎಲ್ಲ ಕಾಯಿಲೆಗೂ ಒಂದೇ ಉತ್ತರವಿಲ್ಲ. ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ಮೂಗಿನ ನಳಿಗೆ ದೇಹಕ್ಕೆ ಆಧಾರವಾಗುತ್ತದೆ, ಹಲವರಿಗೆ ನುಂಗುವ ಶಕ್ತಿ ಮರಳುತ್ತದೆ, ನಳಿಗೆಯನ್ನು ತೆಗೆಯುತ್ತಾರೆ. ಆದರೆ ಮರೆಗುಳಿ ರೋಗದ ಕೊನೆಯ ಹಂತದಲ್ಲಿ ಟ್ಯೂಬಿನಿಂದ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹೊಟ್ಟೆಯಲ್ಲಿದ್ದುದು ಮೇಲೆ ಬರುವುದನ್ನಾಗಲಿ, ಜೊಲ್ಲು ಶ್ವಾಸನಾಳಕ್ಕಿಳಿಯುವುದನ್ನಾಗಲಿ ಟ್ಯೂಬ್ ತಡೆಯಲಾರದು. ಅದನ್ನು ಕಿತ್ತುಕೊಳ್ಳದಂತೆ ಕೈ ಕಟ್ಟಿಹಾಕುವ ಪ್ರಸಂಗ ಬರುತ್ತದೆ, ಆಗ ಅಜ್ಜಿಗೆ ತುತ್ತಿನ ರುಚಿಯೂ ಇಲ್ಲ, ಉಣಿಸುವವರ ಸಾಮೀಪ್ಯವೂ ಇಲ್ಲ. ಅಮೆರಿಕದ ವೃದ್ಧರೋಗ ತಜ್ಞರ ಸಂಘ 2014ರ ತನ್ನ ಹೇಳಿಕೆಯಲ್ಲಿ ಇಂಥವರಿಗೆ ಟ್ಯೂಬಿನ ಬದಲು ಕೈಯಾರೆ, ಎಚ್ಚರದಿಂದ ಉಣಿಸುವುದನ್ನೇ ಸೂಚಿಸಿದೆ.

ಆದರೆ ಊಟ ಕಡಿಮೆಯಾದುದಕ್ಕೆ ಬೇರೆ ಕಾರಣವಿದೆಯೇ ಎಂದು ಮೊದಲು ನೋಡಿಸಿ: ಬಾಯಿ ಹುಣ್ಣು, ಹಲ್ಲುನೋವು, ಮಲಬದ್ಧತೆ, ಹೊಸದಾಗಿ ಸೇರಿಸಿದ ಮಾತ್ರೆ. ಇವೆಲ್ಲ ಸರಿಪಡಿಸಬಹುದಾದವು. ಬಳಿಕ, ಅವರು ಎಚ್ಚರವಾಗಿ ಹುರುಪಿನಲ್ಲಿರುವ ಹೊತ್ತನ್ನು ಗುರುತಿಸಿ ಆಗಲೇ ಉಣಿಸಿ, ಗಡಿಯಾರದ ಹೊತ್ತಿಗಲ್ಲ. ಟಿವಿ ಆರಿಸಿ. ಒಂದು ತುತ್ತು ಇಳಿದುದನ್ನು ಕಂಡ ಮೇಲೆ ಇನ್ನೊಂದು. ಬಾಯಿ ತೆರೆಯದಿದ್ದರೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಎಷ್ಟು ಇಳಿಯಿತೆಂಬ ಲೆಕ್ಕವನ್ನು ಬಿಡಬಹುದಾದ ಹಂತವಿದು. ಪಾಯಸದ ಎರಡು ಚಮಚ ಬೇಕೆನಿಸಿದರೆ ಅಷ್ಟೇ ಸಾಕು. ಈ ನಿರ್ಧಾರವನ್ನು ಮನೆಯವರೆಲ್ಲ ಕೂಡಿ ವೈದ್ಯರೊಡನೆ ಮಾತಾಡಿ ತೆಗೆದುಕೊಂಡು, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಇಲ್ಲವಾದರೆ ಮುಂದಿನ ಸಲ ರಾತ್ರಿ ಆಸ್ಪತ್ರೆಗೆ ಒಯ್ದಾಗ ಕರ್ತವ್ಯದಲ್ಲಿರುವ ಹೊಸ ವೈದ್ಯರ ಎದುರು ಇದೇ ಪ್ರಶ್ನೆ ಮೊದಲಿನಿಂದ ಶುರುವಾಗುತ್ತದೆ.