ಕೆಮಿಸ್ಟ್ರಿ ಬಿಟ್ಟು ಫಾರ್ಮಸಿಗೆ: ಕಾಸರಗೋಡಿನಿಂದ ಒಂದು ಉತ್ತರ

ಕುಂಬಳೆಗೆ ಕೊಟ್ಟಿರುವ ನಿಮ್ಮ ಅಕ್ಕನ ಮಗ ಬಿಎಸ್ಸಿ ಕೆಮಿಸ್ಟ್ರಿಯಿಂದ ಫಾರ್ಮಸಿಗೆ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ಬದಲಾಯಿಸಲು ಆಗುವುದಿಲ್ಲ. ಬಿಟ್ಟು, ಮೊದಲಿನಿಂದ ಸೇರಬಹುದು. ಹಾಸನದಲ್ಲಿ ಕೂತವರಿಗೆ ಎರಡೂ ಒಂದೇ ಅನಿಸಬಹುದು. ಇಲ್ಲಿನ ಹುಡುಗನಿಗೆ ಹಾಗಲ್ಲ. ಕಳೆದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ, ಮೇಲಿಂದ ಯಾವ ರಾಜ್ಯದಲ್ಲಿ ಓದುವುದು ಅಂತ ಬೇರೆ ತೀರ್ಮಾನಿಸಬೇಕು.

ಗೊಂದಲ ಎಲ್ಲಿಂದ ಬಂತೆಂದು ಗೊತ್ತು. 2024ರಿಂದ ಕೇರಳದ ಕಾಲೇಜುಗಳಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮುಖ್ಯ ವಿಷಯಕ್ಕೆ ಮೇಜರ್, ಜೊತೆಯ ವಿಷಯಕ್ಕೆ ಮೈನರ್ ಅಂತ ಮಕ್ಕಳೆಲ್ಲ ಹೇಳುತ್ತಾರೆ. ಎರಡು ಸೆಮಿಸ್ಟರ್ ಮುಗಿದ ಮೇಲೆ ಮೇಜರ್ ಬದಲಿಸಲು ಅವಕಾಶವೂ ಇದೆ. ಆದರೆ ಅದೆಲ್ಲ ಕಣ್ಣೂರು ಯೂನಿವರ್ಸಿಟಿಯ ಒಳಗಿನ ವ್ಯವಹಾರ. ಫಾರ್ಮಸಿ ಕಾಲೇಜುಗಳಿರುವುದು ತೃಶ್ಶೂರಿನ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ. ಕೋರ್ಸಿನ ನಿಯಮ ಮಾಡುವುದು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ. ಅವರು ನೋಡುವುದು ಪ್ಲಸ್ ಟು, ಅಂದರೆ ನಿಮ್ಮ ಪಿಯುಸಿ. ಅದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಇರಬೇಕು, ಜೊತೆಗೆ ಬಯಾಲಜಿ ಅಥವಾ ಗಣಿತ ಇರಬೇಕು. ಬಿಎಸ್ಸಿಯಲ್ಲಿ ಎಷ್ಟು ಮಾರ್ಕು ಬಂದಿದ್ದರೂ ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ಆ ಬಾಗಿಲು ಡಿಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಮಾಡಿದವರಿಗೆ ಮಾತ್ರ. ಅವರು ಬಿಫಾರ್ಮಿನ, ಅಂದರೆ ಫಾರ್ಮಸಿ ಡಿಗ್ರಿಯ ಮೂರನೇ ಸೆಮಿಸ್ಟರಿಗೆ ಸೇರಬಹುದು.

ಹಾಗಾದರೆ ಮೊದಲೇ ಫಾರ್ಮಸಿಗೆ ಸೇರಬಹುದಿತ್ತಲ್ಲ ಅಂತ ಕೇಳುತ್ತೀರಿ. ಇಲ್ಲಿ ಬಯಾಲಜಿ ತೆಗೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ನೀಟ್ ಬರೆಯುತ್ತಾರೆ. ರ‍್ಯಾಂಕ್ ಸಾಲದಿದ್ದರೆ ಇನ್ನೊಂದು ಸಲ ಬರೆಯೋಣ ಅಂತ ಸದ್ಯಕ್ಕೆ ಸರಕಾರಿ ಕಾಲೇಜಿಗೆ ಸೇರುತ್ತಾರೆ. ಫೀಸು ಕಡಿಮೆ, ಮನೆಗೆ ಹತ್ತಿರ, ಬಸ್ಸಿಗೆ ಕನ್ಸೆಶನ್ ಇದೆ. ಆ 'ಸದ್ಯಕ್ಕೆ' ಒಂದು ವರ್ಷವೋ ಎರಡು ವರ್ಷವೋ ಆಗುತ್ತದೆ. ಎಂಬಿಬಿಎಸ್ ಆಸೆ ಬಿಟ್ಟ ಮೇಲೆ ಉಳಿಯುವುದು ನರ್ಸಿಂಗ್, ಲ್ಯಾಬ್, ಫಾರ್ಮಸಿ. ನನ್ನ ತಂಗಿಯ ಮಗಳು ಬಂದದ್ದೂ ಇದೇ ದಾರಿಯಲ್ಲಿ. ಗಲ್ಫಿನ ಲೆಕ್ಕವೂ ಇರುತ್ತದೆ. ಅಲ್ಲಿ ಫಾರ್ಮಸಿಸ್ಟ್ ಲೈಸೆನ್ಸಿಗೆ ಡಿಗ್ರಿ ಕೇಳುತ್ತಾರೆ, ಕೆಲಸದ ಅನುಭವ ಕೇಳುತ್ತಾರೆ, ಮೇಲೊಂದು ಪರೀಕ್ಷೆ. ಆ ಪರೀಕ್ಷೆಗೆ ಇಲ್ಲಿ ಪ್ರೊಮೆಟ್ರಿಕ್ ಅನ್ನುತ್ತಾರೆ, ಅದೇನೆಂದು ಉಪ್ಪಳದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಈಗ ಯಾವ ರಾಜ್ಯ ಅನ್ನುವ ವಿಷಯ. ಕೇರಳದಲ್ಲಾದರೆ ಕೀಮ್ ಬರೆಯಬೇಕು, ನಿಮ್ಮ ಸಿಇಟಿಯ ಹಾಗೆ ಇಲ್ಲಿನ ಪ್ರವೇಶ ಪರೀಕ್ಷೆ ಅದು. ಫಾರ್ಮಸಿಯ ಪೇಪರಿನಲ್ಲಿ ಫಿಸಿಕ್ಸ್ ಮತ್ತು ಕೆಮಿಸ್ಟ್ರಿ ಮಾತ್ರ, ಬಯಾಲಜಿ ಕೇಳುವುದೇ ಇಲ್ಲ. ಔಷಧಿಯ ಕೋರ್ಸಿಗೆ ಇದು ವಿಚಿತ್ರ ಅಲ್ವಾ? ನಿಮ್ಮ ಹುಡುಗನಿಗೆ ಮಾತ್ರ ಲಾಭವೇ. ಕೆಮಿಸ್ಟ್ರಿಯ ಟಚ್ ಹೋಗಿರುವುದಿಲ್ಲ, ಫಿಸಿಕ್ಸ್ ಪುಸ್ತಕ ಮತ್ತೆ ತೆರೆದರೆ ಸಾಕು. ಕಾಲೇಜುಗಳು ಸೀತಾಂಗೋಳಿಯಲ್ಲಿ, ತೃಕರಿಪುರದಲ್ಲಿ, ಇನ್ನೂ ಆಚೆ ಹೋದರೆ ಪರಿಯಾರಂ ಮೆಡಿಕಲ್ ಕಾಲೇಜಿನ ಕ್ಯಾಂಪಸ್ಸಿನಲ್ಲಿ ಇವೆ. ಅರ್ಜಿ, ನೇಟಿವಿಟಿ ಸರ್ಟಿಫಿಕೇಟು ಎಲ್ಲ ಅಕ್ಷಯ ಕೇಂದ್ರದಲ್ಲೇ ಆಗುತ್ತದೆ, ಸರಕಾರಿ ಅರ್ಜಿ ಹಾಕಿಕೊಡುವ ಇಲ್ಲಿನ ಸೇವಾ ಕೇಂದ್ರ ಅದು.

ಕರ್ನಾಟಕದ ಕಡೆಗೆ ಇನ್ನೊಂದು ದಾರಿ ಇದೆ, ಹೊರಗಿನವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಅಲ್ಲಿನ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಅಂತ ಒಂದು ಅವಕಾಶ ಇಟ್ಟಿದ್ದಾರೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮುಂತಾದ ತಾಲೂಕಿನವರು ಅದರಲ್ಲಿ ಬರುತ್ತಾರೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ತಹಶೀಲ್ದಾರರ ಸರ್ಟಿಫಿಕೇಟು ಬೇಕು. ಮತ್ತೆ ಒಂದು ಕನ್ನಡ ಪರೀಕ್ಷೆ ಪಾಸಾಗಬೇಕು. ಕೇರಳದಲ್ಲಿದ್ದುಕೊಂಡು ಹತ್ತನೆಯ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳಿಗೆ ಮತ್ತೆ ಕನ್ನಡದ ಪರೀಕ್ಷೆ! ನಗು ಬರುತ್ತದೆ ಮಾರಾಯ್ರೇ. ಆದರೂ ಬರೆಯುತ್ತಾರೆ, ಸುಲಭವೇ ಇರುತ್ತದೆ.

ಇದರಲ್ಲಿ ನನಗೆ ಸರಿ ಕಾಣದ ಒಂದು ಸಂಗತಿ ಇದೆ. ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲೇ ಓದಿದ ಬ್ಯಾರಿ ಹುಡುಗನೋ ಕೊಂಕಣಿ ಹುಡುಗಿಯೋ ಇದ್ದರೆ, ಮಾತೃಭಾಷೆಯ ಕಾಲಂನಲ್ಲಿ ಸತ್ಯ ಬರೆದ ಕೂಡಲೇ ಈ ಪಟ್ಟಿಯಿಂದ ಹೊರಗೆ. ನಮ್ಮ ಊರಿನಲ್ಲಿ ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು, ಪೇಟೆಯದ್ದು ಮತ್ತೊಂದು. ಅರ್ಜಿಯಲ್ಲಿ ಜಾಗ ಇರುವುದು ಒಂದಕ್ಕೆ. ನಿಮ್ಮ ಅಕ್ಕನ ಮನೆಯಲ್ಲಿ ಕನ್ನಡ, ಹಾಗಾಗಿ ಅವನಿಗೆ ತೊಂದರೆ ಇಲ್ಲ. ದೇರಳಕಟ್ಟೆ ಕಡೆ ಇರುವ ಡೀಮ್ಡ್ ಯೂನಿವರ್ಸಿಟಿಗಳ ಅಡ್ಮಿಶನ್ ಬೇರೆಯೇ, ಅಲ್ಲಿನ ಫೀಸೂ ಬೇರೆ. ಅದನ್ನೂ ಇದನ್ನೂ ಕಲಸಬೇಡಿ.

ದೂರದ ಮಾತಿಗೆ ಬಂದರೆ, ಕುಂಬಳೆಯಿಂದ ಪರಿಯಾರಂಗಿಂತ ಮಂಗಳೂರು ಹತ್ತಿರ. ರೈಲಿನಲ್ಲಿ ಸೀಸನ್ ಟಿಕೆಟ್ ಮಾಡಿಸಿ, ಅಥವಾ ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿ ದಿನಾ ಹೋಗಿಬರುವ ಮಕ್ಕಳು ಬೇಕಾದಷ್ಟು. ಕಾಯಿಲೆಗೂ ನಾವು ಮಂಗಳೂರಿಗೇ ಓಡುವವರು. ಸಾಮಾನ್ಯ ದಿನಗಳಲ್ಲಿ ಗಡಿ ಇದೆಯೆಂದೇ ತೋರುವುದಿಲ್ಲ. ಆದರೆ ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದರು. ಆಂಬುಲೆನ್ಸುಗಳೂ ವಾಪಸು ಬಂದವು, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜನ ಸತ್ತರು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರಲ್ಲಿ ಆರ್‌ಟಿಪಿಸಿಆರ್ ಇಲ್ಲದೆ ಬಿಡುವುದಿಲ್ಲ ಎಂದಾಗ ದಿನಾ ದಾಟುವ ಮಕ್ಕಳ ಪಾಡು ಕೇಳುವುದೇ ಬೇಡ. ಹಾಗಾಗಿ ಕೆಲವು ಮನೆಯವರು ಇವತ್ತಿಗೂ ಹಾಸ್ಟೆಲ್ ಆದರೂ ಸರಿ, ಈಚೆಯೇ ಇರಲಿ ಅನ್ನುತ್ತಾರೆ. ನನ್ನನ್ನು ಕೇಳಿದರೆ, ಸಿಇಟಿಯಲ್ಲಿ ಒಳ್ಳೆಯ ಕಾಲೇಜು ಸಿಕ್ಕಿದರೆ ಮಂಗಳೂರೇ ಒಳ್ಳೆಯದು. ದೊಡ್ಡ ಆಸ್ಪತ್ರೆಗಳು ಪಕ್ಕದಲ್ಲೇ ಇವೆ, ಮಕ್ಕಳು ನೋಡಿ ಕಲಿಯುವುದು ಜಾಸ್ತಿ.

ತರಗತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪ್ಲಸ್ ಟುನಲ್ಲಿ ಬಯಾಲಜಿ ಇದ್ದವರಿಗೆ ಮೊದಲ ಸೆಮಿಸ್ಟರಿನಲ್ಲಿ ಗಣಿತ ಕಲಿಸುತ್ತಾರೆ, ಗಣಿತ ಇದ್ದವರಿಗೆ ಬಯಾಲಜಿ. ಟೈಟ್ರೇಶನ್, ಇನಾರ್ಗ್ಯಾನಿಕ್ ಎಲ್ಲ ಬಿಎಸ್ಸಿಯವರಿಗೆ ಗೊತ್ತಿದ್ದದ್ದೇ. ತಂಗಿಯ ಮಗಳಿಗೆ ಲ್ಯಾಬಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಡುವುದೇ ಕೆಲಸವಾಗಿತ್ತು. ಅವಳು ಕಷ್ಟಪಟ್ಟದ್ದು ಹಾಜರಿಗೆ. ಒಂದೊಂದು ವಿಷಯಕ್ಕೂ ಶೇಕಡಾ 80 ಬೇಕು. ಬಿಎಸ್ಸಿಯ ಹಾಗೆ ಸಂಜೆಯ ಟ್ಯೂಷನ್ನಿಗೆ ಬೇಗ ಹೊರಡುವುದು, ಮದುವೆ, ಕೋಲ ಅಂತ ರಜೆ ಹಾಕುವುದು ನಡೆಯುವುದಿಲ್ಲ.

ಇನ್ನೊಂದು, ಹುಡುಗನಿಗೆ ಬೇಕಾದ್ದು ಏನೆಂದು ಮೊದಲು ಕೇಳಿ. ಕುಂಬಳೆ ಪೇಟೆಯಲ್ಲಿ ಮೆಡಿಕಲ್ ಶಾಪ್ ಇಡುವುದೇ ಗುರಿಯಾದರೆ ಎರಡು ವರ್ಷದ ಡಿಫಾರ್ಮ್ ಸಾಕು. ಅದರ ಜೊತೆ 500 ಗಂಟೆಯ ಟ್ರೈನಿಂಗ್ ಇರುತ್ತದೆ. ರಿಜಿಸ್ಟರ್ ಆದ ಫಾರ್ಮಸಿಸ್ಟ್ ಆಗಲು ಈಗ ಅದರ ಮೇಲೆ ಒಂದು ಎಕ್ಸಿಟ್ ಪರೀಕ್ಷೆಯನ್ನೂ ಪಾಸಾಗಬೇಕು. ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆಯ ಆಸೆ ಇದ್ದರೆ ಡಿಗ್ರಿಯೇ ಬೇಕು. ಡಿಫಾರ್ಮ್ ಮುಗಿಸಿ ಬಿಫಾರ್ಮ್ ಮಾಡುತ್ತೇನೆ ಅನ್ನುವವರಿಗೆ ಎರಡು ಮತ್ತು ಮೂರು, ಒಟ್ಟು ಐದು ವರ್ಷ ಹಿಡಿಯುತ್ತದೆ. ಬಿಎಸ್ಸಿಯಲ್ಲಿ ಈಗಾಗಲೇ ವರ್ಷ ಕಳೆದವನಿಗೆ ಆ ಸುತ್ತು ಯಾಕೆ? ಆರು ವರ್ಷದ ಫಾರ್ಮ್‌ಡಿಯನ್ನು, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸನ್ನು, ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ತೆಗೆದುಕೊಳ್ಳುವುದಿದ್ದರೆ ಬೇಡ. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಸರಿ.

ಬಿಎಸ್ಸಿ ಕೊನೆಯ ವರ್ಷದಲ್ಲಿದ್ದರೆ ಮುಗಿಸಿಯೇ ಬಿಡಲಿ. ಮೊದಲ ವರ್ಷವಾದರೆ ಬಿಡಬಹುದು, ಆದರೆ ಸೀಟು ಕೈಗೆ ಬರುವ ತನಕ ಟಿಸಿ ತೆಗೆಯುವುದು ಬೇಡ. ಕರ್ನಾಟಕಕ್ಕೆ ಹೋದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಸರ್ಟಿಫಿಕೇಟು ಬೇಕಾಗುತ್ತದೆ, ಅದಕ್ಕೆ ಪ್ಲಸ್ ಟು ಬೋರ್ಡಿನ ಮೈಗ್ರೇಶನ್ ಕೂಡ. ಓದು ಮುಗಿಸಿ ಊರಿನಲ್ಲೇ ಅಂಗಡಿ ಹಾಕುವುದಾದರೆ ಕೇರಳದ ಫಾರ್ಮಸಿ ಕೌನ್ಸಿಲಿನಲ್ಲೇ ರಿಜಿಸ್ಟರ್ ಮಾಡಿಸಬೇಕು. ಮಂಗಳೂರಿನಲ್ಲಿ ಓದಿದ ಡಿಗ್ರಿಯಾದರೂ ಅದಕ್ಕೆ ಅಡ್ಡಿ ಇಲ್ಲ.

ಸಿಇಟಿ ಅರ್ಜಿಯ ದಿನಾಂಕ ಮತ್ತು ಗಡಿನಾಡಿನ ನಿಯಮವನ್ನು ಆಯಾ ವರ್ಷದ ಕೈಪಿಡಿಯಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ತಹಶೀಲ್ದಾರರ ಸರ್ಟಿಫಿಕೇಟಿಗೆ ಮೊದಲು ವಿಲೇಜ್ ಆಫೀಸಿಗೆ ಹೋಗಬೇಕು. ಅಕ್ಕನಿಗೆ ಹೇಳಿ, ಹುಡುಗ ಕನ್ನಡದಲ್ಲಿ ಓದಿದ ಶಾಲೆಯಿಂದಲೂ ಒಂದು ಪತ್ರ ಬರೆಸಿ ಇಟ್ಟುಕೊಳ್ಳಲಿ.