ಯಾವ ತಿಂಗಳಿನ ದಡ?

ತಿಪಟೂರಿನಿಂದ ನಿವೃತ್ತ ಭೂಗೋಳ ಮೇಷ್ಟ್ರೊಬ್ಬರು ಬರೆಯುತ್ತಾರೆ: “ಕಳೆದ ಸಂಚಿಕೆಯಲ್ಲಿ ನೀವು ಅಚ್ಚು ಹಾಕಿದ ಅಮೆಜಾನ್ ನಕ್ಷೆ ಶಾಯಿ ಚೆಲ್ಲಿದ ಹಾಗಿದೆ. ನದಿ ಯಾವುದು, ದಡ ಯಾವುದು ಒಂದೂ ತಿಳಿಯದು. ಮೂವತ್ತು ವರ್ಷ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಆ ನದಿಯನ್ನು ಕಲಿಸಿದವನು ನಾನು. ಮೊಮ್ಮಗಳು ನಿಮ್ಮ ಪತ್ರಿಕೆ ಹಿಡಿದು ಬಂದು ‘ಯಾವುದು ಸರಿ ತಾತ?’ ಅಂದಳು. ಹೋಲಿಕೆಗೆಂದು ನನ್ನ ಅಟ್ಲಾಸಿನ ಪುಟವನ್ನೇ ಕತ್ತರಿಸಿ ಕಳಿಸಿದ್ದೇನೆ.”

ಮೇಷ್ಟ್ರೇ, ವಾದಕ್ಕಾಗಿ ಅಟ್ಲಾಸಿಗೆ ಕತ್ತರಿ ಹಾಕುವ ಓದುಗರು ಇನ್ನೂ ಇದ್ದಾರಲ್ಲ ಎಂಬ ಖುಷಿಗೆ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ಕೂತಿದ್ದೇನೆ. ನಿಮ್ಮ ಗೆರೆ ತಪ್ಪಲ್ಲ. ಹಡಗಿಗೆ ಗೆರೆ ಬೇಕು, ಪರೀಕ್ಷೆಯ ಎರಡು ಅಂಕಕ್ಕೂ ಬೇಕು. ಆದರೆ ಮೊಮ್ಮಗಳಿಗೆ ಮಾತ್ರ ‘ಚೆಲ್ಲಿದ ಶಾಯಿಯೇ ಸರಿ ಮಗಾ’ ಅನ್ನಿ.

ನನ್ನ ಅಜ್ಜಿಯ ಮನೆ ನೇತ್ರಾವತಿಯ ದಂಡೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ ಸರಪಳಿ ಹಿಡಿದು ಬಂದ ಅಳತೆಯವರು ‘ಹೊಳೆಯ ದಡ ಎಲ್ಲಿಗೆ ಬರುತ್ತದೆ ಅಮ್ಮಾ?’ ಎಂದು ಕೇಳಿದರು. ಅಜ್ಜಿ ಅಡಿಕೆ ಸುಲಿಯುತ್ತಲೇ ‘ಯಾವ ತಿಂಗಳಿನ ದಡ?’ ಅಂದಳು. ಅವರು ನಕ್ಕು, ಅಂದು ನೀರು ಎಲ್ಲಿತ್ತೋ ಅಲ್ಲಿಗೇ ಗೂಟ ಹೊಡೆದು ಹೋದರು. ಆಷಾಢದಲ್ಲಿ ಆ ಗೂಟ ಎಲ್ಲಿತ್ತೆಂದು ಹೇಳುವುದು ಬೇಡ.

ಅಮೆಜಾನಿನ ನಕ್ಷೆ ಬರೆಯಲು ಹೊರಟವರು ಮೊದಲು ಕೇಳಿಕೊಂಡದ್ದು ಇದೇ ಪ್ರಶ್ನೆ. ಬ್ರೆಜಿಲಿನ ಮನೌಸ್ ನಗರದ ಬಂದರಿನಲ್ಲಿ 1902ರಿಂದ ಅಮೆಜಾನಿನ ಉಪನದಿ ರಿಯೋ ನೆಗ್ರೋದ ಮಟ್ಟ ಬರೆದಿಡುತ್ತಾ ಬಂದಿದ್ದಾರೆ. ನೀರು ವರ್ಷಕ್ಕೊಮ್ಮೆ ಹತ್ತು ಮೀಟರಿನ ಆಸುಪಾಸು ಏರಿ ಇಳಿಯುತ್ತದೆ. 2021ರ ಜೂನಿನಲ್ಲಿ 30 ಮೀಟರ್ ದಾಟಿತು; 2023ರ ಅಕ್ಟೋಬರಿನಲ್ಲಿ 13ಕ್ಕಿಂತ ಕೆಳಗಿಳಿಯಿತು, ಮರುವರ್ಷ ಇನ್ನೂ ಕೆಳಗೆ. ನೆಲವೋ ತಟ್ಟೆಯಂತೆ ಸಪಾಟು. ಏರಿದ ನೀರು ಕಾಡಿನೊಳಗೆ ನುಗ್ಗಿ ತಿಂಗಳುಗಟ್ಟಲೆ ಮರಗಳ ಸೊಂಟದವರೆಗೆ ನಿಲ್ಲುತ್ತದೆ. ತಂಬಾಕಿ ಎಂಬ ದೊಡ್ಡ ಮೀನು ಆಗ ಮರಗಳ ನಡುವೆ ಈಜಾಡಿ, ಉದುರಿದ ಹಣ್ಣು ಬೀಜ ತಿಂದು ಕೊಬ್ಬುತ್ತದೆ. ಆಂಡೀಸ್ ಬೆಟ್ಟದ ಮೆಕ್ಕಲು ಹೊತ್ತ ಕದಡು ನೀರು ನಿಲ್ಲುವ ನೆಲವನ್ನು ಅಲ್ಲಿಯವರು ವಾರ್ಜಿಯಾ ಎನ್ನುತ್ತಾರೆ, ಕಪ್ಪು ನೀರು ನಿಲ್ಲುವ ಕಾಡನ್ನು ಇಗಪೋ. ಇವೆಲ್ಲ ನಿಮ್ಮ ಗೆರೆಯ ಯಾವ ಬದಿಗೆ ಸೇರಬೇಕು ಮೇಷ್ಟ್ರೇ?

ಈ ನೀರನ್ನು ಮೇಲಿನಿಂದ ಕಾಣುವುದೂ ಸುಲಭವಲ್ಲ. ಮೋಡ ಸರಿದರೂ ಎಲೆಗಳ ಚಪ್ಪರ ಅಡ್ಡ. ಜಪಾನ್ 1992ರಲ್ಲಿ ಹಾರಿಸಿದ ಜೆರ್ಸ್-1 ಉಪಗ್ರಹದ ರೇಡಾರ್ ಅಲೆಯ ಉದ್ದ ಸುಮಾರು 23 ಸೆಂಟಿಮೀಟರ್. ಅದು ಎಲೆಗಳ ನಡುವೆ ನುಸುಳಿ ನೀರಿಗೆ ಬಡಿದು, ಅಲ್ಲಿಂದ ಮರದ ಕಾಂಡಕ್ಕೆ ಬಡಿದು, ಬಂದ ದಾರಿಗೇ ಮರಳುತ್ತದೆ. ಹಾಗಾಗಿ ಮುಳುಗಿದ ಕಾಡು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ತೆರೆದ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಚಿಮ್ಮಿಸಿ ಕಪ್ಪಾಗಿ ಕಾಣುತ್ತದೆ. 1995ರ ಇಳಿಗಾಲದ ಚಿತ್ರಗಳನ್ನೂ 1996ರ ಏರುಗಾಲದ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ವಿಜ್ಞಾನಿ ಲಾರಾ ಹೆಸ್ ಮತ್ತು ಜೊತೆಗಾರರು 2003ರಲ್ಲಿ ಮಧ್ಯ ಅಮೆಜಾನಿನ ನಕ್ಷೆ ಪ್ರಕಟಿಸಿದರು. ಅಜ್ಜಿ ಕೇಳಿದ್ದಕ್ಕೆ ಉತ್ತರವಾಗಿ ಎರಡು ತಿಂಗಳುಗಳ ಎರಡು ದಡ! ಅಷ್ಟಕ್ಕೇ ಬಿಡದೆ ವಿಮಾನದಲ್ಲಿ ತಗ್ಗಿನಲ್ಲಿ ಹಾರಿ ವಿಡಿಯೊ ಹಿಡಿದು ತಾಳೆ ನೋಡಿದರು. ಅವರು ಅಳೆದ ಪ್ರದೇಶದ ನೂರರಲ್ಲಿ ಹದಿನೇಳು ಪಾಲು ಜೌಗು. ಅಂದರೆ ಸುಮಾರು 3 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಒಂದೂವರೆಯಷ್ಟು. ಏರುಗಾಲದಲ್ಲಿ ಅದರ ಶೇ. 96 ನೀರಿನಡಿ, ಇಳಿಗಾಲದಲ್ಲಿ ಶೇ. 26 ಮಾತ್ರ. ಈ ನೆಲ ಉಸಿರುಬಿಡುವ ಇಂಗಾಲವನ್ನು ಲೆಕ್ಕ ಹಾಕುವವರಿಗೂ ಮೊದಲು ಬೇಕಾದದ್ದು ಈ ನಕ್ಷೆಯೇ.

ನನ್ನ ಸಿಟ್ಟು ಇರುವುದು ನಿಮ್ಮ ಸೀಮೆಸುಣ್ಣದ ಮೇಲಲ್ಲ, ನೀರು ನಿಂತ ನೆಲ ಎಂದರೆ ಕೆಟ್ಟ ನೆಲ ಎಂಬ ಬುದ್ಧಿಯ ಮೇಲೆ. ನಮ್ಮ ಪಹಣಿಯನ್ನೇ ನೋಡಿ: ಹಳ್ಳಕೊಳ್ಳಗಳೆಲ್ಲ ‘ಖರಾಬು’. ಖರಾಬು ಎಂದು ಬರೆದ ಮೇಲೆ ಮಣ್ಣು ಸುರಿಯುವವನಿಗೆ ಅಳುಕೇಕೆ? ಕನ್ನಡದಲ್ಲಿ ‘ನೆರೆ’ ಎಂದರೆ ಉಕ್ಕಿದ ಹೊಳೆಯೂ ಹೌದು, ಪಕ್ಕದ ಮನೆಯೂ ಹೌದು. ವರ್ಷಕ್ಕೊಮ್ಮೆ ಮನೆಗೆ ಬಂದು ಹೋಗುವ ನೆಂಟನನ್ನು ನಾವು ಪತ್ರಿಕೆಯವರು (ನಾನೂ ಸೇರಿ) ‘ರುದ್ರನರ್ತನ’ ಎಂದು ತಲೆಬರಹ ಕೊಟ್ಟು ಬೈಯುತ್ತೇವೆ.

ಬೆಂಗಳೂರಿನ ಇಸ್ರೋ ಅಂಗಳದಲ್ಲಿ ಜೋಡಣೆಯಾಗಿ 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹದಲ್ಲೂ ಅಂಥದೇ ಉದ್ದ ಅಲೆಯ ರೇಡಾರ್ ಇದೆ. ಹನ್ನೆರಡು ದಿನಕ್ಕೊಮ್ಮೆ ಅದು ಅದೇ ಹಾದಿಗೆ ಮರಳುತ್ತದೆ. ಎರಡು ಕಾಲದ ದಡ ಹೋಗಿ ಇನ್ನು ಪಕ್ಷಕ್ಕೊಂದು ದಡ ಸಿಗಬಹುದು. ಅಷ್ಟು ದಡಗಳಿಗೆ ಸೀಮೆಸುಣ್ಣ ಸಾಲದು.

ನಿಮ್ಮ ಪುಟವನ್ನು ಈ ಅಂಚೆಯಲ್ಲೇ ಹಿಂದಿರುಗಿಸುತ್ತಿದ್ದೇನೆ. ತಡೆಯಲಾರದೆ ಗೆರೆಯ ಎರಡೂ ಬದಿಗೆ ಪೆನ್ಸಿಲಿನಿಂದ ಸ್ವಲ್ಪ ತಿಕ್ಕಿದ್ದೇನೆ. ಮೆತ್ತಗೆ ತಿಕ್ಕಿರುವುದರಿಂದ ರಬ್ಬರಿಗೆ ಹೋದೀತು.